ಡೋಗಿ ಬರವೂ ದೂರದ ಕಡಲೂ

1972ನೆಯ ಇಸವಿಯ ಆಗಸ್ಟ್ ತಿಂಗಳು. ನಾನು ಮಾಸ್ತರಿಕೆಗೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಏಳನೆಯ ಇಯತ್ತೆಯವರಿಗೆ ಭೂಗೋಲದಲ್ಲಿ ಮಳೆಮಾರುತಗಳ ಪಾಠ ನಡೆದಿತ್ತು. ಕರಿಹಲಗೆಯ ಮೇಲೆ ಹಿಂದೂಸ್ಥಾನದ ನಕಾಶೆ ತೆಗೆದು, ಅರಬ್ಬೀ ಸಮುದ್ರದಿಂದ ನಮ್ಮ ಕಡೆಗೆ ನಾಲ್ಕು ಬಾಣಗಳನ್ನು ಎಳೆದು, ಪುಸ್ತಕದಲ್ಲಿದ್ದುದನ್ನೇ ಹೇಳುತ್ತಿದ್ದೆ: ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲಕ್ಕೇರುತ್ತದೆ, ಆ ತೆರವನ್ನು ತುಂಬಲು ಕಡಲಿನ ಮೇಲಿಂದ ತೇವ ಹೊತ್ತ ಗಾಳಿ ಬೀಸಿ ಬರುತ್ತದೆ, ಅದೇ ಮುಂಗಾರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಗುರುಗಳ, ಈ ವರ್ಷ ನೆಲ ಹೋದ ವರ್ಷಕ್ಕಿಂತ ಹೆಚ್ಚ ಕಾದೈತಲ್ರಿ. ಹಂಗಾದ್ರ ಮಳಿ ಹೆಚ್ಚ ಬರಬೇಕಾಗಿತ್ತು. ಯಾಕ ಬರಲಿಲ್ಲ?"

ಕಿಟಕಿಯ ಹೊರಗೆ ಎರಿ ಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಆ ವರ್ಷ ಮಿರಗ ಹನಿಯಲಿಲ್ಲ. ಆರಿದ್ರೆಗೆ ಬಿತ್ತಿದ ಜೋಳ ಗೇಣುದ್ದ ಬೆಳೆದು ಸುರುಟಿಕೊಂಡಿತ್ತು. ಆ ಹುಡುಗನ ಮನೆಯಲ್ಲಿ ಎರಡು ಎತ್ತುಗಳಲ್ಲಿ ಒಂದನ್ನು ಹಾವೇರಿಯ ಸಂತೆಗೆ ಹೊಡೆದುಕೊಂಡು ಹೋಗಿದ್ದರೆಂಬುದು ನನಗೆ ಗೊತ್ತಿತ್ತು. ಆದರೂ ನಾನು ಹೇಳಿದ್ದು, "ಪಾಠದಾಗ ಇಲ್ಲದ್ದನ್ನ ಕೇಳಬ್ಯಾಡ, ಕುಂದ್ರು" ಎಂದು.

ನನಗೆ ಉತ್ತರ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿಲ್ಲವೆಂದು ಹೇಳುವ ಧೈರ್ಯ ಆ ವಯಸ್ಸಿನ ಮಾಸ್ತರರಿಗೆ ಇರುವುದಿಲ್ಲ. ಈ ಪುಟವನ್ನು ಓದುವ ನಿಮ್ಮಲ್ಲಿ ಅನೇಕರು ಅದೇ ನಾಲ್ಕು ಬಾಣಗಳ ಪಾಠವನ್ನು ನನ್ನಿಂದ ಕೇಳಿದವರು. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದ ಅರ್ಧವನ್ನು ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡೆ. ಅದರ ಕಥೆ ನಮ್ಮ ಸೀಮೆಯ ಇತಿಹಾಸದೊಳಗೇ ಹೂತುಕೊಂಡಿದೆ ಎಂಬುದು ನನಗೆ ಆಶ್ಚರ್ಯ ತಂದ ಸಂಗತಿ.

ಮೊದಲು ನಮ್ಮ ನೆಲದ ಮಾತು. ಅಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿಯೂ ಪರದೇಶದಲ್ಲಿಯೂ ಬೆಳೆದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮ ಪಶ್ಚಿಮಕ್ಕೆ ಹಾನಗಲ್ಲ. ಅಲ್ಲಿ ಮಲೆನಾಡಿನ ಸೆರಗು, ಭತ್ತದ ಗದ್ದೆ. ಪೂರ್ವಕ್ಕೆ ರಾಣೇಬೆನ್ನೂರು, ಅಲ್ಲಿ ಕುರುಚಲು ಕಾಡು, ಕೃಷ್ಣಮೃಗಗಳ ಬಯಲು. ಎತ್ತಿನ ಗಾಡಿಯಲ್ಲಿ ದಾಟಬಹುದಾದ ಈ ಅಂತರದಲ್ಲಿ ಮಳೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಾವೇರಿ, ಅಗಡಿ, ಬ್ಯಾಡಗಿಯವರು ನಡುವಿನ ಮೆಟ್ಟಿಲ ಮೇಲೆ ಕುಳಿತವರು. ಘಟ್ಟ ದಾಟಿ ಬರುವ ಮೋಡ ಸ್ವಲ್ಪ ಬಲವಾಗಿದ್ದರೆ ನಾವು ಮಲೆನಾಡಿನವರು, ಸ್ವಲ್ಪ ಸೋತರೆ ಬಯಲುಸೀಮೆಯವರು. ಆದ್ದರಿಂದಲೇ ನಮ್ಮ ಹಿರಿಯರು ಒಂದೇ ಬುಟ್ಟಿಯಲ್ಲಿ ಬೀಜವನ್ನೆಲ್ಲ ಸುರಿದವರಲ್ಲ. ಜೂನ್ ಎರಡನೆಯ ವಾರದ ಮಿರಗದಿಂದ ಹಿಡಿದು ಮುಂಗಾರಿಗೆ ಒಂದು ಪಾಲು, ಉತ್ತರಿ ಹಸ್ತ ಚಿತ್ತಿ ಮಳೆಗಳ ನಂಬಿಕೆಯ ಮೇಲೆ ಹಿಂಗಾರಿಗೆ ಒಂದು ಪಾಲು. ಮುಂಗಾರಿ ಹೋದರೆ ಹಿಂಗಾರಿ, ಹಿಂಗಾರಿ ಹೋದರೆ ಹಗೇವು. ಎರಡೂ ಹೋಗಿ ಹಗೇವಿನ ಜೋಳವೂ ತೀರಿದಾಗ ಬರ.

ಅಂಥ ಬರಗಳಲ್ಲಿ ಒಂದರ ಹೆಸರು ನಾನು ಅಕ್ಷರ ಕಲಿಯುವ ಮೊದಲೇ ಕಿವಿಗೆ ಬಿದ್ದಿತ್ತು. ತಾಟಿನಲ್ಲಿ ರೊಟ್ಟಿಯ ಚೂರು ಬಿಟ್ಟೆದ್ದರೆ ಅಜ್ಜಿ ಗದರುತ್ತಿದ್ದಳು, ಗಬಗಬನೆ ತಿಂದರೂ ಗದರುತ್ತಿದ್ದಳು: "ಡೋಗಿ ಬರದಾಗಿಂದ ಬಂದವರ ಹಂಗ ತಿನ್ನಬ್ಯಾಡ." ಡೋಗಿ ಬರ ಯಾವಾಗ ಆಯಿತೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಅವಳ ಅಜ್ಜಿಯ ಬಾಯಿಂದ ಕೇಳಿದ ಮಾತು ಅದು. ಎಷ್ಟೋ ವರ್ಷಗಳ ಮೇಲೆ ಪುಸ್ತಕವೊಂದರಲ್ಲಿ ಇಂಗ್ರಜಿ ಅಕ್ಷರಗಳಲ್ಲಿ ಆ ಹೆಸರನ್ನು ಕಂಡಾಗ ನನಗೆ ಅಜ್ಜಿಯೇ ಎದುರು ಬಂದು ನಿಂತಂತಾಯಿತು. ಡೋಗಿ ಬರ, ಕೆಲವರು ಡೋಜಿ ಬರ ಎಂದೂ ಬರೆದಿದ್ದಾರೆ. ಅರ್ಥ, ತಲೆಬುರುಡೆಯ ಬರ. ಕಾಲ, 1791-92, ವಿರೋಧಿಕೃತ್ ಸಂವತ್ಸರ. ಹೂಳುವವರಿಲ್ಲದೆ ಬಿದ್ದ ಎಲುಬುಗಳಿಂದ ದಾರಿಗಳೂ ಹೊಲಗಳೂ ಬೆಳ್ಳಗಾಗಿದ್ದವೆಂದು ವಿಜಾಪುರದ ಕಡೆ ಜನ ನೆನೆಯುತ್ತಿದ್ದರಂತೆ. ಹೈದರಾಬಾದು, ದಕ್ಷಿಣ ಮರಾಠಾ ಸೀಮೆ, ಗುಜರಾತು, ಮಾರವಾಡಗಳವರೆಗೂ ಅದು ಹಬ್ಬಿತ್ತು. ಒಟ್ಟು ಸತ್ತವರು ಒಂದು ಕೋಟಿ ಹತ್ತು ಲಕ್ಷ ಎಂಬ ಅಂದಾಜೊಂದಿದೆ. ಎಣಿಸುವವರೇ ಇರದಿದ್ದ ಕಾಲದ ಇಂಥ ಅಂಕಿಗಳನ್ನು ನಾನು ಪೂರ್ತಿ ನಂಬುವವನಲ್ಲ. ನೂರೈವತ್ತು ವರ್ಷ ಕಳೆದ ಮೇಲೂ ಅಡಿಗೆಮನೆಯ ಬೈಗುಳದಲ್ಲಿ ಅದು ಉಳಿದಿತ್ತೆಂಬುದೇ ನನಗೆ ದೊಡ್ಡ ಸಾಕ್ಷಿ.

ಆ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಏನು ನಡೆದಿತ್ತೆಂಬುದನ್ನು ಇತಿಹಾಸದ ಪಾಠದಲ್ಲಿ ನೀವು ಓದಿದ್ದೀರಿ, ಬೇರೊಂದು ಅಧ್ಯಾಯದಲ್ಲಿ. ಮೂರನೆಯ ಮೈಸೂರು ಯುದ್ಧ. ಪರಶುರಾಮಭಾವು ಪಟವರ್ಧನನ ದಂಡು, ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟ್ಲನ ತುಕಡಿಯೊಂದಿಗೆ ಕೂಡಿ, 1790ರ ಸಪ್ಟೆಂಬರಿನಿಂದ 1791ರ ಏಪ್ರಿಲ್ ವರೆಗೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತ್ತು. ಕೋಟೆಯೊಳಗೆ ಟೀಪುವಿನ ಸರದಾರ ಬದ್ರುಜ್ಜಮಾನ್ ಖಾನ. ಮುತ್ತಿಗೆ ಮುಗಿದ ಮೇಲೆ ಆ ದಂಡು ತುಂಗಭದ್ರೆಯನ್ನು ದಾಟಿ ಶ್ರೀರಂಗಪಟ್ಟಣದತ್ತ ನಡೆಯಿತು. ಸಾವಿರಾರು ಕುದುರೆ, ಎತ್ತು, ಆನೆಗಳ ದಂಡು ಹಾದು ಹೋದ ಹೊಲದಲ್ಲಿ ಕಣಿಕೆಯೂ ಉಳಿಯುವುದಿಲ್ಲ. ಬರದ ಕಾಲಕ್ಕೆ ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಎತ್ತುಗಳ ಮೇಲೆ ಧಾನ್ಯ ಸಾಗಿಸುತ್ತಿದ್ದವರು ಲಂಬಾಣಿಗರು. ಆಗ ಅವರ ಹಿಂಡುಗಳು ದಂಡಿನ ಬಜಾರುಗಳ ಕಡೆಗೆ ತಿರುಗಿದ್ದವು. 1791ರ ಮೇ ತಿಂಗಳಲ್ಲಿ ಕಾರ್ನವಾಲಿಸನ ಸೈನ್ಯಕ್ಕೇ ಶ್ರೀರಂಗಪಟ್ಟಣದ ಎದುರಿನಲ್ಲಿ ಅನ್ನ ಮೇವುಗಳಿಲ್ಲದೆ, ದೊಡ್ಡ ತೋಪುಗಳನ್ನು ತಾನೇ ಒಡೆದು ಹಿಂದೆಗೆಯಬೇಕಾಯಿತು. ಅವನ ಹೊಟ್ಟೆಗೆ ಆಧಾರವಾದದ್ದು ಮರಾಠರ ಬಜಾರು. ಆ ಬಜಾರಿನ ಜೋಳಕ್ಕಾಗಿ ಯಾವ ಊರಿನ ಹಗೇವುಗಳು ಬರಿದಾದವೋ! ಮಳೆ ಹೋದದ್ದೊಂದೇ ಆಗಿದ್ದರೆ ಆ ಬರಕ್ಕೆ ಬುರುಡೆಯ ಹೆಸರು ಬರುತ್ತಿತ್ತೆಂದು ನನಗನಿಸುವುದಿಲ್ಲ.

ಆದರೆ ಮಳೆ ಹೋದದ್ದೂ ನಿಜ. ನಮ್ಮ ಪುಣ್ಯಕ್ಕೆ ಆಗ ಅದನ್ನು ಅಳೆದು ಬರೆದಿಟ್ಟವನೊಬ್ಬನಿದ್ದ. ವಿಲಿಯಂ ರಾಕ್ಸ್‌ಬರ್ಗ್, ಕಂಪನಿ ಸರಕಾರದ ವೈದ್ಯ, ಸಸ್ಯಶಾಸ್ತ್ರಜ್ಞ. ಗೋದಾವರಿ ತೀರದ ಆಚೆ ಸಾಮಲಕೋಟೆಯಲ್ಲಿದ್ದ. 1789ರಿಂದ ಮೇಲಿಂದ ಮೇಲೆ ಮುಂಗಾರು ಸೋತದ್ದು ಅವನ ದಾಖಲೆಗಳಿಂದ ತಿಳಿಯುತ್ತದೆ. ಇನ್ನೊಬ್ಬ ಅಲೆಕ್ಸಾಂಡರ್ ಬೀಟ್ಸನ್. ಇವನು ಕಾರ್ನವಾಲಿಸನ ಸೈನ್ಯದಲ್ಲಿ ದಾರಿ ತೋರುವ ಪಡೆಯ ಅಧಿಕಾರಿಯಾಗಿ ನಮ್ಮ ನಾಡಿನಲ್ಲೇ ಇದ್ದವನು. ಟೀಪುವಿನ ಕೊನೆಯ ಯುದ್ಧದ ವೃತ್ತಾಂತವನ್ನು 1800ರಲ್ಲಿ ಪುಸ್ತಕವಾಗಿ ಬರೆದವನು. ಮುಂದೆ ಇವನು ಅಟ್ಲಾಂಟಿಕ್ ಮಹಾಸಾಗರದ ನಡುವಿನ ಸೇಂಟ್ ಹೆಲೆನಾ ದ್ವೀಪಕ್ಕೆ ಗವರ್ನರನಾಗಿ ಹೋದ. ಅಲ್ಲಿಯ ಹಳೆಯ ಕಾಗದಗಳನ್ನು ತಿರುವುತ್ತಿದ್ದಾಗ, ಹಿಂದುಸ್ಥಾನದಲ್ಲಿ ಮಳೆಯಿಲ್ಲದ ಅದೇ ವರ್ಷಗಳಲ್ಲಿ ಆ ದ್ವೀಪದಲ್ಲಿಯೂ ಮಳೆಯಿಲ್ಲದೆ ದನಗಳು ಸತ್ತಿದ್ದವೆಂಬುದು ಅವನ ಕಣ್ಣಿಗೆ ಬಿದ್ದಿತು. 1816ರಲ್ಲಿ ಅದನ್ನು ಅಚ್ಚು ಹಾಕಿಸಿದ. ಡೋಗಿ ಬರದ ಕಾಲಕ್ಕೆ ಕನ್ನಡ ನಾಡಿನಲ್ಲಿ ಅಲೆದಾಡಿದ ಮನುಷ್ಯನೇ ಸಾವಿರಾರು ಹರದಾರಿ ದೂರದ ಎರಡು ಬರಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಮೊದಲಿಗರಲ್ಲಿ ಒಬ್ಬನಾದ! ಆಗತಾನೆ ನೆಲೆಯೂರುತ್ತಿದ್ದ ಆಸ್ಟ್ರೇಲಿಯದ ಸಿಡ್ನಿಯ ವಸಾಹತಿನಲ್ಲಿಯೂ 1790-91ರಲ್ಲಿ ನೀರಿನ ಹಾಹಾಕಾರವಿತ್ತು. ಇವನ್ನೆಲ್ಲ ಕೂಡಿಸಿ, 1789ರಿಂದ 1793ರ ವರೆಗಿನ ಆ ವೈಪರೀತ್ಯ ಶಾಂತ ಮಹಾಸಾಗರದ ಪ್ರಬಲ ಎಲ್ ನಿನೊ ಆಗಿತ್ತೆಂದು ಇತಿಹಾಸಕಾರ ರಿಚರ್ಡ್ ಗ್ರೋವ್ 1998ರಲ್ಲಿ ವಾದಿಸಿದರು.

ಎಲ್ ನಿನೊ ಎಂಬುದು ಸ್ಪ್ಯಾನಿಷ್ ಮಾತು. 'ಬಾಲಕ' ಎಂದರ್ಥ, ಬಾಲಯೇಸು. ದಕ್ಷಿಣ ಅಮೇರಿಕದ ಪೆರು ದೇಶದ ಬೆಸ್ತರು ಕ್ರಿಸ್‌ಮಸ್ ಸುಮಾರಿಗೆ ತಮ್ಮ ದಂಡೆಗೆ ಬರುವ ಬಿಸಿ ನೀರಿನ ಹರಿವಿಗೆ ಇಟ್ಟ ಹೆಸರು. ಅದು ಹೇಗೆ ಅಗಡಿಯ ಹೊಲಕ್ಕೆ ಸಂಬಂಧಿಸಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಬರ ದಾಟಬೇಕು.

ಅದು ಧಾತು ಸಂವತ್ಸರದ್ದು, 1876. ಆ ವರ್ಷದ ಮುಂಗಾರು ತೆಳುವಾಯಿತು, ಹಿಂಗಾರು ಬರಲೇ ಇಲ್ಲ. ಮರುವರ್ಷ ಈಶ್ವರ ಸಂವತ್ಸರದಲ್ಲಿ, ಅಂದರೆ 1877ರಲ್ಲಿ, ಶಾಂತ ಮಹಾಸಾಗರ ಹಿಂದೆಂದೂ ಕಾಣದಷ್ಟು ಕಾದಿತ್ತು. ಇಡೀ ದೇಶದ ಮುಂಗಾರು ಮುಕ್ಕಾಲು ಪಾಲಿಗಿಂತ ಕೆಳಗಿಳಿಯಿತು. ಸಪ್ಟೆಂಬರಿನ ಮೇಲೆ ದಕ್ಷಿಣದಲ್ಲಿ ಮಳೆ ಮರಳಿತಾದರೂ ಅಷ್ಟರಲ್ಲಿ ಬಿತ್ತುವ ಕೈಗಳು, ಎಳೆಯುವ ಎತ್ತುಗಳು ಎಷ್ಟು ಉಳಿದಿದ್ದವು? ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ತಾಲೂಕುಗಳೆಲ್ಲ ಅದರೊಳಗೆ. 1872ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನ ಹೆಚ್ಚುವುದಿರಲಿ, ಸುಮಾರು ಒಂದು ಲಕ್ಷದಷ್ಟು ಕಡಿಮೆಯಾದರು. ರಾಣೇಬೆನ್ನೂರಿನಿಂದ ಹೊಳೆ ದಾಟಿದರೆ ಹರಿಹರ, ಮೈಸೂರು ಸಂಸ್ಥಾನ. ಅಲ್ಲಿ ಇನ್ನೂ ಘೋರ: 1871ರಲ್ಲಿ ಸುಮಾರು 50.5 ಲಕ್ಷ ಇದ್ದ ಜನ 1881ರಲ್ಲಿ ಸುಮಾರು 41.9 ಲಕ್ಷ.

ಈ ಸಲ ಯುದ್ಧವಿರಲಿಲ್ಲ. ಇದ್ದದ್ದು ಲೆಕ್ಕಪತ್ರ. ಬರಪರಿಹಾರದ ಖರ್ಚು ತಗ್ಗಿಸಲೆಂದು ಕಲಕತ್ತೆಯ ಸರಕಾರ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು 1877ರ ಜನೆವರಿಯಲ್ಲಿ ಮುಂಬಯಿ, ಮದ್ರಾಸು ಪ್ರಾಂತಗಳಿಗೆ ಕಳಿಸಿತು. ಕಲ್ಲೊಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ 450 ಗ್ರಾಮಿನಷ್ಟು ಧಾನ್ಯ ಮತ್ತು ಅಲ್ಪ ದುಡ್ಡು ಸಾಕೆಂದು ಅವನು ಗೊತ್ತುಮಾಡಿದ. ಮುಂಬಯಿ ಪ್ರಾಂತದ ಬರದ ಕಾಮಗಾರಿಗಳಿಂದ ಜನ ಗುಂಪು ಗುಂಪಾಗಿ ಎದ್ದು ಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಅದೇ ವರ್ಷಗಳಲ್ಲಿ ಹಿಂದುಸ್ಥಾನದ ಬಂದರುಗಳಿಂದ ಗೋಧಿಯ ಚೀಲಗಳು ಇಂಗ್ಲಂಡಿಗೆ ಹೋಗುತ್ತಲೇ ಇದ್ದವು. ಉತ್ತರ ಚೀನದಲ್ಲಿ, ಬ್ರೆಝಿಲಿನ ಈಶಾನ್ಯ ಭಾಗದಲ್ಲಿ ಅದೇ ಕಾಲಕ್ಕೆ ಅಂಥದೇ ಬರ. ದೀಪ್ತಿ ಸಿಂಗ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಕೂಲಂಕಷವಾಗಿ ಶೋಧಿಸಿ, ಶಾಂತ ಸಾಗರವೊಂದೇ ಅಲ್ಲ, ಹಿಂದೂ ಮಹಾಸಾಗರವೂ ಅಟ್ಲಾಂಟಿಕ್ ಸಾಗರವೂ ಆ ವರ್ಷಗಳಲ್ಲಿ ಅಸಾಮಾನ್ಯವಾಗಿ ವರ್ತಿಸಿದ್ದವೆಂದು ತೋರಿಸಿದ್ದಾರೆ.

ಆ ಬರದಿಂದ ನಮಗೆ ಮೂರು ವಸ್ತುಗಳು ಉಳಿದುಕೊಂಡವು. ಒಂದು, 1880ರ ಬರದ ಆಯೋಗ ಮತ್ತು ಅದರಿಂದ ಹುಟ್ಟಿದ ಬರದ ನಿಯಮಾವಳಿ. ಇನ್ನೊಂದು, ರೈಲು. ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಹಾದು ಹರಿಹರಕ್ಕೆ ಹೋಗುವ ಗಾಡಿಯಲ್ಲಿ ನೀವೆಲ್ಲ ಕುಳಿತಿದ್ದೀರಿ. ಅದು ಬರದ ಕಾಲಕ್ಕೆ ಧಾನ್ಯ ಸಾಗಿಸಲು ದಾರಿ ಬೇಕೆಂಬ ಕಾರಣಕ್ಕಾಗಿ 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲಿ ಹಾಸಿದ ಹಳಿ. ಬ್ಯಾಡಗಿಯ ಮೆಣಸಿನಕಾಯಿ ಅದೇ ಹಳಿಯ ಮೇಲೆ ಊರೂರಿಗೆ ಹೋಯಿತೆಂಬುದು ನಮ್ಮ ಪುಣ್ಯ.

ಮೂರನೆಯದು, ಮಳೆಯನ್ನು ಮುಂಚಿತವಾಗಿ ಅರಿಯಬೇಕೆಂಬ ಸರಕಾರದ ಹಟ. ಅರಿಯಬೇಕೆಂಬ ಆಸೆ ನಮ್ಮವರಿಗೇನು ಇರಲಿಲ್ಲವೆ? ದೇವರಗುಡ್ಡದಲ್ಲಿ ಮಹಾನವಮಿಯ ದಿನ ಗೊರವಪ್ಪ ಬಿಲ್ಲನ್ನೇರಿ ಕಾರಣಿಕ ನುಡಿಯುವಾಗ ಸಾವಿರಾರು ಜನ ಉಸಿರು ಬಿಗಿಹಿಡಿದು 'ಸದ್ದಲೇ' ಎಂಬ ಕೂಗಿಗೆ ಕಾಯುವುದು ಮುಖ್ಯವಾಗಿ ಮಳೆ ಬೆಳೆಯ ಸುದ್ದಿಗಾಗಿಯೇ. ಮಳೆ ಹೋದಾಗ ನಮ್ಮ ಕೇರಿಯ ಹುಡುಗರು ರೊಟ್ಟಿಯ ಹಂಚನ್ನು ತಲೆಯ ಮೇಲೆ ಹೊತ್ತು, ಅದರ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು ಮನೆಮನೆಗೆ ಹೋಗುತ್ತಿದ್ದರು. ಹೆಂಗಸರು ಕೊಡದ ನೀರು ಸುರಿದು ಜೋಳ ನೀಡುತ್ತಿದ್ದರು. ನಾನೂ ಒಂದು ವರ್ಷ ಗುರ್ಜಿ ಹೊತ್ತವನೇ. ಮೂಗಿನೊಳಗೆ ಹೋದ ಸಗಣಿ ನೀರಿನ ವಾಸನೆ ಇನ್ನೂ ನೆನಪಿದೆ. ನಮ್ಮವರು ದೇವರ ನುಡಿಯಲ್ಲಿ ಹುಡುಕಿದ್ದನ್ನು ಸಿಮ್ಲೆಯ ಕಚೇರಿಯವರು ಅಂಕಿಗಳಲ್ಲಿ ಹುಡುಕಿದರು.

ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ, ಮಹಾಬರದ ಹೊಸ್ತಿಲಲ್ಲಿಯೇ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಗಂಟು ಹಾಕಿ 1886ರಿಂದ ಮಳೆಯ ಮುನ್ಸೂಚನೆ ಕೊಡತೊಡಗಿದ. 1888ರಲ್ಲಿ ಆಸ್ಟ್ರೇಲಿಯದ ಚಾರ್ಲ್ಸ್ ಟಾಡ್, ತಮ್ಮಲ್ಲಿಯೂ ಹಿಂದುಸ್ಥಾನದಲ್ಲಿಯೂ ಬರಗಳು ಒಟ್ಟಿಗೇ ಬರುತ್ತವೆಂದು ತೋರಿಸಿದ. 1899ರ ಮುಂಗಾರು ಮತ್ತೆ ಮೋಸ ಮಾಡಿತು, ಇಲಾಖೆಯ ಮುನ್ಸೂಚನೆ ಪೂರ್ತಿ ತಲೆಕೆಳಗಾಯಿತು. ಆಮೇಲೆ ಬಂದವನು ಗಿಲ್ಬರ್ಟ್ ವಾಕರ್. ಇವನು ಕೇಂಬ್ರಿಜ್ಜಿನ ಗಣಿತಜ್ಞ. ಹವೆಯ ಬಗ್ಗೆ ಹೆಚ್ಚೇನೂ ತಿಳಿಯದೆ 1904ರಲ್ಲಿ ಇಲಾಖೆಯ ಮುಖ್ಯಸ್ಥನಾದ, 1924ರ ವರೆಗೆ ಇದ್ದ. ಕಾರಣ ತಿಳಿಯದಿದ್ದರೂ ಲೆಕ್ಕ ಹಾಕಬಹುದಲ್ಲ ಎಂಬುದು ಅವನ ದಾರಿ. ಜಗತ್ತಿನ ನಾನಾ ಕಡೆಗಳಿಂದ ವಾಯುಭಾರ, ಉಷ್ಣತೆ, ಮಳೆಗಳ ಅಂಕಿಗಳನ್ನು ತರಿಸಿ, ಗುಮಾಸ್ತರ ಪಡೆಯನ್ನೇ ಕೂರಿಸಿ ಗುಣಾಕಾರ ಭಾಗಾಕಾರ ಮಾಡಿಸಿದ. ಯಂತ್ರವಿಲ್ಲದ ಕಾಲದಲ್ಲಿ ಆ ಗುಮಾಸ್ತರು ಎಷ್ಟು ಹಾಳೆ ತುಂಬಿಸಿದರೋ! ಕೊನೆಗೆ ಒಂದು ಏತದ ಆಟ ಕಾಣಿಸಿಕೊಂಡಿತು: ಶಾಂತ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ, ಮತ್ತು ಆಗ ನಮ್ಮ ಮಳೆ ಸೋಲುತ್ತದೆ. ಅದಕ್ಕೆ 1924ರಲ್ಲಿ 'ದಕ್ಷಿಣದ ಆಂದೋಲನ' ಎಂಬರ್ಥದ ಹೆಸರಿಟ್ಟ. ಏಕೆ ಹೀಗೆ ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. 1958ರಲ್ಲಿ ತೀರಿಕೊಂಡ. ಜೇಕಬ್ ಬಿಯರ್ಕ್ನೆಸ್ ಎಂಬ ನಾರ್ವೆ ಮೂಲದ ವಿಜ್ಞಾನಿ ಪೆರುವಿನ ಬೆಸ್ತರ ಬಿಸಿ ನೀರಿಗೂ ವಾಕರನ ಏತಕ್ಕೂ ಸಂಬಂಧ ಕಟ್ಟಿದ್ದು 1969ರಲ್ಲಿ. ಅಂದರೆ ಆ ಹುಡುಗ ನನ್ನನ್ನು ಪ್ರಶ್ನೆ ಕೇಳುವುದಕ್ಕೆ ಕೇವಲ ಮೂರು ವರ್ಷ ಮೊದಲು! ನನ್ನ ಅಜ್ಞಾನಕ್ಕೆ ಇಷ್ಟೊಂದು ಸಮಜಾಯಿಷಿ ಸಿಕ್ಕಿತು.

ಸಂಬಂಧ ಹೀಗಿದೆ. ಆಲೆಮನೆಯನ್ನು ನೆನೆಯಿರಿ. ಕೊಪ್ಪರಿಗೆ ಕುದಿಯುವಲ್ಲಿ ಉಗಿ ಮೇಲೇಳುತ್ತದೆ. ಮೇಲೆದ್ದದ್ದು ಸೂರಿಗೆ ತಾಗಿ ಪಕ್ಕಕ್ಕೆ ಹರಿದು ತಣ್ಣಗಾಗಿ ಮೂಲೆಯಲ್ಲಿ ಕೆಳಗಿಳಿಯುತ್ತದೆ. ಶಾಂತ ಸಾಗರದಲ್ಲಿ ವಾಡಿಕೆಯ ವರ್ಷಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ ಮೇಲ್ಮೈಯ ಬಿಸಿ ನೀರನ್ನೆಲ್ಲ ತಳ್ಳಿ ಇಂಡೊನೇಷಿಯದ ಸುತ್ತ ಗುಡ್ಡೆ ಹಾಕುತ್ತದೆ. ಅದು ಜಗತ್ತಿನ ದೊಡ್ಡ ಕೊಪ್ಪರಿಗೆ. ಅಲ್ಲಿ ಮೋಡ ಏಳುತ್ತದೆ. ನೆರೆಯ ನಮ್ಮ ಮುಂಗಾರಿಗೂ ಅದರ ಬೆಂಬಲ. ಎರಡರಿಂದ ಏಳು ವರ್ಷಗಳಿಗೊಮ್ಮೆ ಆ ಗಾಳಿ ಸಡಿಲಾಗುತ್ತದೆ. ಗುಡ್ಡೆ ಹಾಕಿದ ಬಿಸಿ ನೀರು ಪೂರ್ವಕ್ಕೆ ಜಾರುತ್ತದೆ. ಕೊಪ್ಪರಿಗೆಯೇ ಸ್ಥಳ ಬದಲಿಸಿದಂತೆ. ಮೋಡ ಸಾಗರದ ನಡುವೆ ಏಳುತ್ತದೆ, ಅಲ್ಲಿ ಮೇಲೇರಿದ ಗಾಳಿ ಬಹಳಷ್ಟು ನಮ್ಮ ಕಡೆಗೆ ಬಂದು ಕೆಳಗಿಳಿಯುತ್ತದೆ. ಮೇಲಿನಿಂದ ಒತ್ತುವ ಗಾಳಿಯ ಕೆಳಗೆ ಮೋಡ ಬೆಳೆಯದು. ನೆಲ ಎಷ್ಟೇ ಕಾದಿರಲಿ! ಸಾಗರದ ಮೇಲ್ಮೈ ಅರ್ಧ ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದು ಕೆಲ ತಿಂಗಳು ಹಾಗೆಯೇ ಉಳಿದರೆ ಎಲ್ ನಿನೊ ಎನ್ನುತ್ತಾರೆ. ಎರಡು ಡಿಗ್ರಿ ದಾಟಿದರೆ ಅತಿ ಪ್ರಬಲ. ಇದರ ವಿರುದ್ಧ ಸ್ಥಿತಿ ಲಾ ನಿನಾ, 'ಬಾಲಕಿ'; ಆಗ ಸಾಮಾನ್ಯವಾಗಿ ನಮಗೆ ಸುಭಿಕ್ಷ. 1972ರಲ್ಲಿ ಪೆರುವಿನ ದಂಡೆಯಲ್ಲಿ ಮೀನುಗಾರಿಕೆಯೇ ಕುಸಿದು ಬಿದ್ದಿತ್ತು, ನಮ್ಮ ದೇಶದ ಮುಂಗಾರು ವಾಡಿಕೆಗಿಂತ ಶೇ. 24ರಷ್ಟು ಕಡಿಮೆಯಾಗಿತ್ತು. ಹಿಂದಿನ ಸಾಲಿನ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಇದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಮತ್ತೊಂದು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. 1997ರಲ್ಲಿ, ನಮ್ಮ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ವರ್ಷ, ಶತಮಾನದ ಅತಿ ದೊಡ್ಡ ಎಲ್ ನಿನೊಗಳಲ್ಲಿ ಒಂದು ಎದ್ದಿತ್ತು. ಬರ ಬಂದೇ ಬಿಟ್ಟಿತೆಂದು ಹೆದರಿದವರು ಹಲವರು. ದೇಶದ ಮುಂಗಾರು ವಾಡಿಕೆಯ ಶೇ. 102ರಷ್ಟು ಸುರಿಯಿತು! ಹೀಗೇಕಾಯಿತೆಂದು ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರೆಂಬುದು ನಮಗೆ ಹೆಮ್ಮೆ. ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಜಪಾನಿನ ಯಮಗಾತಾ ಇವರು 1999ರಲ್ಲಿ ಬರೆದದ್ದು ಹಿಂದೂ ಮಹಾಸಾಗರದೊಳಗಿನದೇ ಒಂದು ತಕ್ಕಡಿಯ ಬಗ್ಗೆ. ಒಂದು ತಟ್ಟೆ ಆಫ್ರಿಕದ ಕಡೆ, ಇನ್ನೊಂದು ಸುಮಾತ್ರದ ಕಡೆ. ಪಶ್ಚಿಮದ ನೀರು ಕಾದು ಪೂರ್ವದ್ದು ತಣ್ಣಗಾದರೆ ನಮ್ಮ ಮುಂಗಾರಿಗೆ ಸಾಮಾನ್ಯವಾಗಿ ಅನುಕೂಲ. 1997ರಲ್ಲಿ ಆ ತಕ್ಕಡಿ ಜೋರಾಗಿ ನಮ್ಮ ಪರ ವಾಲಿತ್ತು. ಅದೇ ಸಂಸ್ಥೆಯ ಸುಲೋಚನಾ ಗಾಡಗೀಳರು ಭೂಮಧ್ಯರೇಖೆಯ ಬಳಿಯ ಮೋಡಗಳ ಓಲಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ತೋರಿಸಿದರು. ಪಾವಗಡದ ಶೇಂಗಾ ಬೆಳೆಗಾರರ ಜೊತೆ ಕುಳಿತು ಯಾವಾಗ ಬಿತ್ತಿದರೆ ಲಾಭವೆಂದು ಲೆಕ್ಕ ಹಾಕಿದ ವಿದುಷಿ ಅವರು. ವಿಜ್ಞಾನ ಹೀಗೆ ಹೊಲದ ಬದುವಿಗೆ ಬಂದಾಗ ನನಗೆ ತುಂಬಾ ಸಂತೋಷ.

2002ರದು ಇದಕ್ಕೆ ತದ್ವಿರುದ್ಧ. ಎಲ್ ನಿನೊ ಸಾಧಾರಣದ್ದು, ಇಲಾಖೆ ವಾಡಿಕೆಯ ಮಳೆ ಎಂದಿತ್ತು. ಜುಲೈ ತಿಂಗಳ ಮಳೆ ದೇಶದಲ್ಲಿ ಅರ್ಧಕ್ಕೆ ಇಳಿಯಿತು. ಸಾಗರ ಎಷ್ಟು ಕಾದಿದೆ ಎಂಬುದಕ್ಕಿಂತ ಎಲ್ಲಿ ಕಾದಿದೆ ಎಂಬುದು ಮುಖ್ಯ, ನಡುಸಾಗರ ಕಾದರೆ ನಮಗೆ ಹೆಚ್ಚು ಕೇಡು ಎಂದು ಪುಣೆಯ ಕೃಷ್ಣಕುಮಾರ್ ಮತ್ತು ಸಂಗಡಿಗರು 2006ರಲ್ಲಿ ವಿವರಿಸಿದರು. 2009ರಲ್ಲಿ ದೇಶಕ್ಕೆ ಶೇ. 22 ಕೊರತೆ; ಬರದ ಮಾತು ಆಡುತ್ತಿರುವಾಗಲೇ ಸಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ಹೊಳೆಯ ಪಾಲಾಯಿತು. 2019ರ ಜೂನಿನಲ್ಲಿ ಮೂರರಲ್ಲೊಂದು ಪಾಲು ಮಳೆ ಕಡಿಮೆ, ಹಿಂದೂ ಮಹಾಸಾಗರದ ತಕ್ಕಡಿ ವಾಲಿದ ಮೇಲೆ ವರ್ಷದ ಮುಂಗಾರು ಶೇ. 110, ಆಗಸ್ಟಿನಲ್ಲಿ ವರದಾ ಹೊಳೆ ಹೊಲಗಳ ಮೇಲೆ ಹರಿಯಿತು.

ಇನ್ನು 2023. ಮತ್ತೆ ಎಲ್ ನಿನೊ. 1901ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಒಣ ಆಗಸ್ಟ್ ದೇಶ ಕಂಡಿರಲಿಲ್ಲ, ಶೇ. 36 ಕೊರತೆ. ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಸರಕಾರ ಬರಪೀಡಿತವೆಂದು ಸಾರಿತು. ಯಾವ ದಾರಿಯೂ ಎಲುಬುಗಳಿಂದ ಬೆಳ್ಳಗಾಗಲಿಲ್ಲ. ರೇಶನ್ ಅಂಗಡಿಯಲ್ಲಿ ಅಕ್ಕಿ ಇತ್ತು, ಪ್ರತಿ ಗ್ರಾಮ ಪಂಚಾಯತಿಯಲ್ಲಿ ಮಳೆ ಅಳೆಯುವ ಯಂತ್ರವಿತ್ತು. ಕಡಲು 1791ರಲ್ಲಿಯೂ 2023ರಲ್ಲಿಯೂ ಕಾದದ್ದೇ. ಹಗೇವು ಯಾರ ಕೈಯಲ್ಲಿತ್ತು ಎಂಬುದು ಬೇರೆ. ಆದರೆ ಗೋವಿನಜೋಳ ಬಿತ್ತಿದವನ ಸಾಲ ಅಕ್ಕಿಯಿಂದ ತೀರುವುದಿಲ್ಲ.

ಆ ಸಪ್ಟೆಂಬರಿನಲ್ಲಿ ಒಂದು ಸಂಜೆ ಹಿಂದಿನ ಸಾಲಿನ ಆ ಹುಡುಗ ನಮ್ಮ ಮನೆಗೆ ಬಂದ. ಈಗ ಅವನೂ ಅಜ್ಜ. ಕೈಯಲ್ಲಿ ಪೇಪರು. "ಗುರುಗಳ, ಇದರಾಗ ಎಲ್ ನಿನೊ ಅಂತ ಬರದಾರ. ಏನ್ರಿ ಇದು?" ನನಗೆ ಐವತ್ತೊಂದು ವರ್ಷಗಳ ಸಾಲ ತೀರಿಸುವ ಅವಕಾಶ. ಪಾಟಿ ತೆಗೆದುಕೊಂಡು ಆಲೆಮನೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಕೇಳಿ, "ಹಂಗಾದ್ರ ಈ ಸಲ ಹಿಂಗಾರಿಗೆ ಕಡ್ಲಿ ಹಾಕ್ಲ್ಯೋ ಬ್ಯಾಡೋ?" ಎಂದ. ಎಲ್ ನಿನೊ ವರ್ಷಗಳಲ್ಲಿ ದಕ್ಷಿಣದ ಹಿಂಗಾರು ಮಳೆ ಹೆಚ್ಚುವುದುಂಟೆಂದು ನಾನು ಓದಿದ್ದೆ. ಹಿಂದೂ ಮಹಾಸಾಗರದ ತಕ್ಕಡಿಯೂ ನಮ್ಮ ಪರ ವಾಲುತ್ತಿದೆಯೆಂಬ ವರದಿಯಿತ್ತು. ಹಾಕು ಎಂದೆ.

ಅವನು ಹಾಕಿದ. ಆ ಹಿಂಗಾರೂ ಕೈಕೊಟ್ಟಿತು. ನವೆಂಬರ್ ಕೊನೆಗೆ ಅವನ ಹೊಲಕ್ಕೆ ಹೋದೆ. ಕಡಲೆ ಗಿಡ ಹೂವು ಹಿಡಿಯುವ ಮೊದಲೇ ಬಾಡಿ ನಿಂತಿತ್ತು. ಬದುವಿನ ಮೇಲೆ ಕುಳಿತೆವು. ನನಗೆ ಅವನ ಮುಖ ನೋಡಲಾಗಲಿಲ್ಲ. ಅವನೇ ಮಾತು ತೆಗೆದ. "ಅವತ್ತ ಕುಂದ್ರು ಅಂದ್ರಿ. ಈ ಸಲ ಹಾಕು ಅಂದ್ರಿ, ಅದೂ ಹೋತು. ಇರ್ಲಿ. ಯಾಕ ತಪ್ಪಾತು ಅನ್ನೂದ್ನರ ಈಗ ಹೇಳ್ರಿ."

ಹಿಂಗಾರಿನ ಆ ಲಾಭ ಬಹುಮಟ್ಟಿಗೆ ತಮಿಳುನಾಡಿನ ಕರಾವಳಿಯದು, ಒಳನಾಡಿಗೆ ಬಂದಂತೆ ಆ ನಂಟು ಸಡಿಲಾಗುತ್ತದೆ, ನಾನು ಪಟ್ಟಿಯಲ್ಲಿದ್ದ ದಕ್ಷಿಣ ಎಂಬ ಶಬ್ದವನ್ನು ಅಗಡಿ ಎಂದು ಓದಿಕೊಂಡೆ ಎಂದು ಹೇಳಿದೆ. ಅವನು ಎರಿ ಮಣ್ಣಿನ ಹೆಂಟೆಯೊಂದನ್ನು ಒಡೆಯುತ್ತ, ತಮಿಳುನಾಡಿಗೆ ಬರುವ ಆ ಮಳೆ ಯಾವ ಕಡಲಿನಿಂದ ಬರುತ್ತದೆಂದು ಕೇಳಿದ.